ಅಳಿಯಂದಿರ ನಾಲ್ಕು ತಂತಿ

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಮಾತು ಬದಲಿಸಲು ನೋಡುತ್ತೇನೆ. ಮೇಷ್ಟ್ರು ಎಂದರೆ ಒಂದು ಮಾತಿಗೆ ಮುಗಿಯುತ್ತದೆ, ಡ್ರೈವರ್ ಎಂದರೆ ಅರ್ಧ ಮಾತಿಗೆ. ನಾನು ಬೇಸ್ ಗಿಟಾರ್ ನುಡಿಸುವವನು. ಹಾಗೆಂದು ಹೇಳಿದರೆ ಎದುರಿನವರು "ಓಹೋ" ಎಂದು ಒಂದು ಸಲ ತಲೆಯಾಡಿಸಿ, "ಅದು ಬಿಟ್ಟು, ಕೆಲಸ?" ಎಂದು ಹೊರಟಲ್ಲಿಗೇ ವಾಪಸ್ಸು ಬರುತ್ತಾರೆ. ಅದು ಬಿಟ್ಟು ಏನೂ ಇಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಮುತ್ತ ಆರತಕ್ಷತೆಯೋ ಗಣೇಶೋತ್ಸವವೋ ಎಲ್ಲಿ ಆರ್ಕೆಸ್ಟ್ರಾ ನಡೆದರೂ ವೇದಿಕೆಯ ಹಿಂಭಾಗದಲ್ಲಿ, ಡ್ರಮ್ಮಿನವನ ಪಕ್ಕ, ಪರದೆಗೆ ಅಂಟಿಕೊಂಡು ಒಬ್ಬ ನಿಂತಿರುತ್ತಾನಲ್ಲ, ನೀವು ನೋಡಿರುವುದಿಲ್ಲ, ಅವನೇ ನಾನು. ಬೇಸ್ ಎಂದರೆ ಹಾಡಿನ ತಳದಲ್ಲಿ ದುಂ ದುಂ ಎಂದು ನಡೆಯುವ ದಪ್ಪ ದನಿ. ಸಾರಿಗೆ ಇಂಗು ಇದ್ದ ಹಾಗೆ, ಹಾಕಿದರೆ ಯಾರೂ ಹೊಗಳುವುದಿಲ್ಲ, ಹಾಕದಿದ್ದರೆ ಏನೋ ಕಮ್ಮಿಯಾಗಿದೆ ಎನ್ನುತ್ತಾರೆ ಎಂದು ನಾನು ಬಹಳ ಕಾಲ ವಿವರಿಸುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಒಂದು ದಿನ ಇದನ್ನು ಕೇಳಿಸಿಕೊಂಡು, "ನಮ್ಮನೇಲಿ ಇಂಗು ಖಾಲಿಯಾಗಿ ಹದಿನೈದು ದಿನ ಆಯ್ತು. ನೀವೇನೂ ಅನ್ನಲೇ ಇಲ್ವಲ್ಲ" ಎಂದಳು. ಅಂದಿನಿಂದ ಆ ಉದಾಹರಣೆಯನ್ನು ಕೈಬಿಟ್ಟಿದ್ದೇನೆ.

ಈ ವಾದ್ಯದಿಂದ ನನಗೆ ಆಗಿರುವ ಮರ್ಯಾದೆಗಳನ್ನು ಹೇಳುತ್ತಾ ಹೋದರೆ ಹೊತ್ತು ಮುಳುಗುತ್ತದೆ. ಮಾಮೂಲಿ ಗಿಟಾರಿಗೆ ಆರು ತಂತಿ, ನನ್ನದಕ್ಕೆ ನಾಲ್ಕು. ಮದುವೆಯಾದ ಹೊಸತರಲ್ಲಿ ಇದನ್ನು ಮೊದಲು ಪತ್ತೆ ಮಾಡಿದವರು ನನ್ನ ಮಾವನವರು. ಗುಬ್ಬಿಯ ಹತ್ತಿರ ಅವರದು ತೆಂಗಿನ ತೋಟ. ಪಂಪ್‌ಸೆಟ್ಟು, ಸ್ಟಾರ್ಟರು, ಪೈಪು ಎಂದು ಜೀವಮಾನವೆಲ್ಲ ರಿಪೇರಿಯಲ್ಲೇ ಕಳೆದ ಜೀವ. ಕೆಟ್ಟ ವಸ್ತು ಕಣ್ಣಿಗೆ ಬಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನನ್ನ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿಟ್ಟು ಎಣಿಸಿ, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ನನ್ನ ಕಿವಿಯಲ್ಲಿ, "ಅಳಿಯಂದ್ರೆ, ಇನ್ನೆರಡು ಕಿತ್ತೋಗವೆ. ಯಾರಿಗೂ ಹೇಳಾಕೋಗ್ಬ್ಯಾಡಿ, ನಾನ್ ಹಾಕುಸ್ಕೊಡ್ತೀನಿ ಬುಡಿ" ಎಂದರು. ಇದು ಇರುವುದೇ ನಾಲ್ಕು ಎಂದು ನಾನು ಎಷ್ಟು ಹೇಳಿದರೂ, ಬಡತನ ಮುಚ್ಚಿಕೊಳ್ಳುತ್ತಿದ್ದಾನೆ ಪಾಪ ಎಂಬ ಕನಿಕರ ಅವರ ಮುಖದಿಂದ ಹೋಗಲಿಲ್ಲ.

ಮಾವನವರನ್ನು ದೂರಿ ಏನು ಫಲ. ಕುಣಿಗಲ್ಲಿನ ಒಂದು ಗಣೇಶನ ಕಾರ್ಯಕ್ರಮದಲ್ಲಿ ಹಾಡು ನಡೆಯುತ್ತಿರುವಾಗಲೇ ಯುವಕರ ಸಂಘದ ಅಧ್ಯಕ್ಷರು ವೇದಿಕೆ ಹತ್ತಿ ನನ್ನ ಬಳಿ ಬಂದರು. ಹೂವಿನ ಹಾರ ಇರಬಹುದೆಂದು ನಾನು ಕುತ್ತಿಗೆ ಸ್ವಲ್ಪ ಬಗ್ಗಿಸಿದೆ. ಅವರು, "ಅಣ್ಣ, ನೀವು ಹೆಂಗೂ ಫ್ರೀ ಇದೀರಲ್ಲ, ಗಾಳಿಗೆ ಈ ಲೈಟ್ ಸ್ಟ್ಯಾಂಡ್ ಅಳ್ಳಾಡ್ತೈತೆ, ಒಂಚೂರು ಹಿಡ್ಕಳಿ" ಎಂದರು. ನಾನು ಹಿಡಿದುಕೊಂಡೆ. ಎರಡು ಹಾಡು ಹಿಡಿದುಕೊಂಡಿದ್ದೆ. ಜನ ಚಪ್ಪಾಳೆ ತಟ್ಟಿದರು, ನಮ್ಮ ತಂಡದ ಯಜಮಾನ ಪುಟ್ಟಸ್ವಾಮಿ ಕೀಬೋರ್ಡ್ ನುಡಿಸುತ್ತಾ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಮದುವೆಯ ವಿಡಿಯೋಗಳಲ್ಲಿಯೂ ಅಷ್ಟೇ. ಈ ಜಿಲ್ಲೆಯ ನೂರಾರು ಮನೆಗಳ ಬೀರುವಿನಲ್ಲಿ ನನ್ನ ಎಡಮೊಣಕೈ ಭದ್ರವಾಗಿದೆ, ಮುಖ ಮಾತ್ರ ಎಲ್ಲಿಯೂ ಇಲ್ಲ.

ಇದಕ್ಕೆಲ್ಲ ನಾನು ಒಗ್ಗಿಹೋಗಿದ್ದೆ. ಒಗ್ಗದೆ ಹೋದದ್ದು ಒಂದೇ ಮಾತು. ಹೋದ ವರ್ಷ ನನ್ನ ಬಾಮೈದನಿಗೆ ಗೂಳೂರಿನ ಕಡೆ ಹೆಣ್ಣು ಗೊತ್ತಾಯಿತು. ಮಾತುಕತೆಯ ದಿನ ಮಾವನವರು ಹೊಸ ಬೀಗರಿಗೆ ನಮ್ಮನ್ನೆಲ್ಲ ಪರಿಚಯ ಮಾಡಿಸುತ್ತಾ ನನ್ನ ಬಳಿ ಬಂದು, "ಇವರು ನಮ್ಮ ಅಳಿಯಂದ್ರು, ತುಮ್ಕೂರಲ್ಲಿ ಆರ್ಕೆಸ್ಟ್ರಾದಲ್ಲವ್ರೆ" ಎಂದರು. ಬೀಗರು ಮುಖ ಅರಳಿಸಿ, "ಹೌದಾ, ಹಾಡ್ತಾರಾ?" ಎಂದು ಕೇಳಿದರು. ಮಾವನವರು ಒಂದು ಕ್ಷಣ ತಡವರಿಸಿ, "ಇಲ್ಲ ಇಲ್ಲ, ಸಾಮಾನು ನೋಡ್ಕತಾರೆ" ಎಂದುಬಿಟ್ಟರು. ಅವರದೇನೂ ತಪ್ಪಿಲ್ಲ. ಅವರು ನನ್ನನ್ನು ಕಂಡಾಗಲೆಲ್ಲ ನಾನು ಯಾವುದಾದರೂ ಡಬ್ಬ ಹೊರುತ್ತಲೋ, ವೈರು ಸುತ್ತುತ್ತಲೋ ಇದ್ದೆ. ನನ್ನ ಮಾನ ಉಳಿಸಲೆಂದೇ ಅವರು ಹಾಗೆ ಹೇಳಿದ್ದೆಂದೂ ನನಗೆ ಗೊತ್ತಿತ್ತು. ಆದರೂ ಬೇಜಾರಾಯಿತು, ಬಹಳ ಬೇಜಾರಾಯಿತು. ಮುಂದಿಟ್ಟ ಕಾಯಿ ಹೋಳಿಗೆ ಬಾಯಲ್ಲೇ ತಿರುಗಿತು.

ಮರಳೂರಿನ ನಮ್ಮ ಮನೆಗೆ ಬಂದವನೇ ಶಪಥ ಮಾಡಿದೆ. ಬಾಮೈದನ ಆರತಕ್ಷತೆಗೆ ನಮ್ಮ ತಂಡವೇ ಹೋಗಬೇಕು. ಅಂದು ಮಾವನವರಿಗೆ ನನ್ನ ಬೇಸ್ ಕೇಳಿಸಲೇಬೇಕು. ಕೇಳಿಸಿಕೊಂಡು ಅವರು ಅದೇ ಬೀಗರ ಮುಂದೆ 'ನಮ್ಮ ಅಳಿಯಂದ್ರು ಬಾರಿಸ್ತಾರೆ' ಎನ್ನಬೇಕು. ಗಿರಿಜಾಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ಕೇಳ್ಸಿ, ಅದಕ್ಕೇನಂತೆ" ಎಂದಳು. ಆ 'ಅದಕ್ಕೇನಂತೆ'ಯಲ್ಲಿ ಪ್ರೋತ್ಸಾಹ ಎಷ್ಟು, ಎಚ್ಚರಿಕೆ ಎಷ್ಟು ಎಂದು ತೂಗಿ ನೋಡುವ ತಾಳ್ಮೆ ಆಗ ನನಗಿರಲಿಲ್ಲ.

ಕೇಳಿಸಬೇಕೆಂದರೆ ದೊಡ್ಡ ಬಾಕ್ಸ್ ಬೇಕು. ಬೆಂಗಳೂರಿನಲ್ಲಿ ನನ್ನಂಥವನೇ ಒಬ್ಬ, ಬೇಸ್ ನುಡಿಸುವುದನ್ನು ಬಿಟ್ಟು ತನ್ನ ಆಂಪ್ಲಿಫೈಯರನ್ನೂ ಸ್ಪೀಕರ್ ಬಾಕ್ಸನ್ನೂ ಮಾರುತ್ತಿದ್ದ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಉತ್ತರ ಕೊಡದೆ, ಬಾಕ್ಸಿನ ಜೊತೆ ಅರ್ಧ ಬಾಟಲಿ ಸೊಂಟನೋವಿನ ಎಣ್ಣೆಯನ್ನೂ ಪುಕ್ಕಟೆಯಾಗಿ ಕೊಟ್ಟ. ಒಳ್ಳೆಯ ಮನುಷ್ಯ ಎಂದುಕೊಂಡೆ. ನಮ್ಮ ಮನೆಯ ಮೆಟ್ಟಿಲ ಮೇಲೆ ಅದನ್ನು ಹತ್ತಿಸುವಾಗ ನಾಲ್ಕನೇ ಮೆಟ್ಟಿಲಲ್ಲಿ ಆ ಎಣ್ಣೆಯ ಅರ್ಥ ತಿಳಿಯಿತು. ಬಾಗಿಲು ತೆಗೆದ ಗಿರಿಜಾ ಆ ಕಪ್ಪು ಬಾಕ್ಸನ್ನು ಮೇಲಿಂದ ಕೆಳಗೆ ನೋಡಿ, "ಬೀರು ಯಾಕ್ರೀ ತಂದ್ರಿ? ನಮ್ಮತ್ರ ಇರೋದಕ್ಕೇ ಬಟ್ಟೆ ಇಲ್ಲ" ಎಂದಳು. ಎರಡು ದಿನದಲ್ಲಿ ಅದರ ಮೇಲೆ ಕಸೂತಿಯ ಬಟ್ಟೆ ಹಾಸಿ, ಇಸ್ತ್ರಿ ಬಟ್ಟೆಗಳನ್ನು ಜೋಡಿಸಿಯೂಬಿಟ್ಟಳು.

ಆರತಕ್ಷತೆಯ ಸಂಜೆ ಗುಬ್ಬಿಯ ಕಲ್ಯಾಣ ಮಂಟಪಕ್ಕೆ ಆ ಬೀರುವನ್ನು, ಕ್ಷಮಿಸಿ, ಬಾಕ್ಸನ್ನು ಒಮ್ನಿಯಲ್ಲಿ ತುಂಬಿಕೊಂಡು ಹೋದೆ. ಮಂಟಪದ ಮಹಡಿಯಲ್ಲಿ ವೇದಿಕೆ, ಅದರ ನೇರ ಕೆಳಗೆ ಊಟದ ಹಾಲ್. ಪುಟ್ಟಸ್ವಾಮಿ ನನ್ನನ್ನು ಕಂಡು, "ಏನ್ಲಾ ಮಹೇಶ, ಮನೆ ಖಾಲಿ ಮಾಡ್ಕೊಂಡು ಬಂದ್ಯಾ?" ಎಂದ. ಸೌಂಡ್ ಸಿಸ್ಟಮ್ಮಿನವನು ಎಂದಿನಂತೆ ನನ್ನ ಗಿಟಾರಿನ ವೈರನ್ನು ತನ್ನ ಮಿಕ್ಸರಿಗೆ ಸಿಕ್ಕಿಸಲು ಬಂದಾಗ, "ನಂದು ನಿಮ್ಮ ಮಿಕ್ಸರಿಗೆ ಬೇಡಪ್ಪ, ನಂದೇ ಬಾಕ್ಸ್ ಐತೆ" ಎಂದೆ. ಇಪ್ಪತ್ತು ವರ್ಷಗಳಲ್ಲಿ ನಾನು ವೇದಿಕೆಯ ಮೇಲೆ ಜಂಬದಿಂದ ಆಡಿದ ಮೊದಲ ಮಾತು ಅದು. ಕರೆಂಟು ಹೋಗಿ ಆಗಲೇ ಜನರೇಟರ್ ಓಡುತ್ತಿತ್ತು. ಮಾವನವರು ಬಿಳಿ ಪಂಚೆ, ಜರಿ ಶಲ್ಯದಲ್ಲಿ ಮುಂದಿನ ಸಾಲಿನಲ್ಲಿ ಬೀಗರ ಪಕ್ಕ ಕುಳಿತಿದ್ದರು. ಗಿರಿಜಾ ಗಂಡಿನ ಅಕ್ಕನಾದ್ದರಿಂದ ಕೆಳಗೆ ಪಂಕ್ತಿಯ ಉಸ್ತುವಾರಿಗೆ ಹೋಗಿದ್ದಳು. ಹೆಂಡತಿಯೂ ಮೇಲಿದ್ದು ನೋಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಒಳಗೊಳಗೇ ಆಸೆಯಿತ್ತು.

ಮೊದಲೆರಡು ಹಾಡು ದೇವರಿಗೆ ಬಿಟ್ಟೆ. ಮೂರನೆಯದು ನಮ್ಮ ತಂಡ ಎಲ್ಲ ಆರತಕ್ಷತೆಗಳಲ್ಲೂ ತಪ್ಪದೆ ಹಾಡುವ ಒಂದು ಯುಗಳಗೀತೆ. ಆಗ ಸೌಂಡನ್ನು ಪೂರ್ತಿ ತಿರುಗಿಸಿದೆ. ಅಬ್ಬಾ, ಆ ಸುಖವನ್ನು ಹೇಗೆ ಹೇಳಲಿ. ನನ್ನ ಪ್ಯಾಂಟಿನ ಕಾಲುಗಳು ತಾವಾಗಿಯೇ ಅಲ್ಲಾಡುತ್ತಿದ್ದವು. ಹಿಂದಿನ ಪರದೆಗೆ ಚುಚ್ಚಿದ್ದ ವಧುವರರ ಹೆಸರಿನ ಥರ್ಮೋಕೋಲ್ ಅಕ್ಷರಗಳು ನಡುಗಿದವು. ಮಾವನವರನ್ನು ನೋಡಿದೆ. ಅವರು ಹುಬ್ಬು ಗಂಟಿಕ್ಕಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಎಲ್ಲೋ ನೆಲದ ಕಡೆ ಕಿವಿಗೊಟ್ಟಿದ್ದರು. ಮುಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಅಡುಗೆಯವರ ಕಡೆಯಿಂದ ಯಾರೋ ಓಡಿಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ಮಾವನವರು ಮಂಟಪದ ಎಲೆಕ್ಟ್ರಿಷಿಯನ್ ರಂಗಪ್ಪನನ್ನು ಕೈಸನ್ನೆಯಿಂದ ಕರೆದು, ಏನೋ ಹೇಳಿ ಕೆಳಗೆ ಅಟ್ಟಿದರು.

ಕೆಳಗೆ ಏನಾಗಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ಊಟದ ಹಾಲ್‌ನಲ್ಲಿ ಸಾರಿನ ಬಕೆಟ್ಟುಗಳು ಕುಣಿಯುತ್ತಿದ್ದವಂತೆ. ಎಲೆಯ ಮೇಲಿನ ಹಪ್ಪಳ ತಾನಾಗಿ ಪಲ್ಯದ ಕಡೆ ಸರಿಯುತ್ತಿತ್ತಂತೆ. ಜನರೇಟರಿನ ಬೋಲ್ಟ್ ಸಡಿಲವಾಗಿ ಕಟ್ಟಡವೇ ಅದುರುತ್ತಿದೆ ಎಂದು ಅರ್ಧ ಪಂಕ್ತಿ ಎದ್ದು ನಿಂತಿತ್ತಂತೆ. ರಂಗಪ್ಪ ಹೊರಗೆ ಹೋಗಿ ಜನರೇಟರಿನ ಬೋಲ್ಟುಗಳನ್ನು ಎರಡು ಸಲ ಬಿಗಿ ಮಾಡಿದನಂತೆ. ಅಂದರೆ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಸಂಗೀತ ಸಕಲರಿಗೂ ಕೇಳಿಸಿತ್ತು, ಜನರೇಟರಿನ ಹೆಸರಿನಲ್ಲಿ.

ನಾನು ಅದೇ ಸುಖದಲ್ಲಿ ಮುಂದಿನ ಹಾಡು ನುಡಿಸುತ್ತಿರುವಾಗ ನನ್ನ ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಬೆರಳು ಆಡುತ್ತಿದೆ, ದನಿ ಇಲ್ಲ. ಕತ್ತು ತಿರುಗಿಸಿದರೆ ಪರದೆಯ ಹಿಂದೆ ರಂಗಪ್ಪ ನನ್ನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಬೇಡ ಎಂಬಂತೆ ತಲೆಯಾಡಿಸಿ, ಪ್ಲಗ್ಗನ್ನು ಜೇಬಿನ ಹತ್ತಿರ ಒಯ್ದು, ವೈರು ಉದ್ದವಿದ್ದದ್ದರಿಂದ ಮತ್ತೆ ಕೆಳಗೆ ಬಿಟ್ಟು ಹೋದ. ಎರಡು ಹೆಜ್ಜೆ ಹಾಕಿದ್ದರೆ ನಾನೇ ಸಿಕ್ಕಿಸಿಕೊಳ್ಳಬಹುದಿತ್ತು. ಒಂದು ಹೆಜ್ಜೆ ಹಾಕಿಯೂ ಆಗಿತ್ತು. ಆಗ ಮಾವನವರ ಮುಖ ನೋಡಿದೆ. ಹುಬ್ಬಿನ ಗಂಟು ಬಿಚ್ಚಿ, ಮುಖ ಅರಳಿ, ಅವರು ಬೀಗರ ತೋಳು ತಟ್ಟಿ ನನ್ನ ಕಡೆಗೇ ಬೆರಳು ತೋರಿಸುತ್ತಿದ್ದರು. ಯಾಕೆಂದರೆ ಆ ಹೊತ್ತಿಗೆ ಸರಿಯಾಗಿ ಪುಟ್ಟಸ್ವಾಮಿ ಕೀಬೋರ್ಡಿನಲ್ಲಿ ಗಿಟಾರಿನ ದನಿ ಇಟ್ಟು ಚರಣದ ನಡುವಿನ ಸಂಗೀತ ನುಡಿಸುತ್ತಿದ್ದ. ವೇದಿಕೆಯ ಮೇಲೆ ಗಿಟಾರ್ ಹಿಡಿದವನು ನಾನೊಬ್ಬನೇ.

ಇಲ್ಲಿ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದಿಲ್ಲ. ನಾನು ಪ್ಲಗ್ಗಿನ ಕಡೆ ಹೋಗಲಿಲ್ಲ. ವೇದಿಕೆಯ ಮುಂದಕ್ಕೆ ಬಂದೆ. ಕಣ್ಣು ಮುಚ್ಚಿದೆ. ಪುಟ್ಟಸ್ವಾಮಿಯ ದನಿ ಮೇಲೆ ಹೋದಾಗ ನನ್ನ ಬೆರಳುಗಳನ್ನೂ ಮೇಲಕ್ಕೆ ಓಡಿಸಿದೆ, ಕೆಳಗೆ ಬಂದಾಗ ಇಳಿಸಿದೆ, ನಡುವೆ ಒಂದೆರಡು ಸಲ ನೋವಾದವನಂತೆ ಮುಖ ಕಿವಿಚಿದೆ. ಬೇಸ್ ಇಲ್ಲದೆಯೂ ಹಾಡು ಸುಖವಾಗಿ ನಡೆಯುತ್ತಿತ್ತು ಎಂಬುದನ್ನು ಗಮನಿಸಲು ನನಗೆ ಪುರುಸೊತ್ತೇ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮಾವನವರು ಬೀಗರನ್ನು ಕೈಹಿಡಿದು ಕರೆತಂದು, "ಮೊದಮೊದ್ಲು ಆ ಹಾಳು ಜನರೇಟರ್ ಗಲಾಟೇಲಿ ಏನೂ ಕೇಳ್ತಿರಲಿಲ್ಲ. ಅದನ್ನ ಸರಿ ಮಾಡಿಸ್ದೆ ನೋಡಿ, ಆಮೇಲೆ ಅಳಿಯಂದ್ರುದು ಏನ್ ಸೊಗಸಾಗಿ ಕೇಳ್ತು ಅಂತೀರಿ. ಅದೂ ಬರೀ ನಾಲ್ಕೇ ತಂತೀಲಿ" ಎಂದರು. ಬೀಗರು ಕೈ ಮುಗಿದರು. ನಾನೂ ಮುಗಿದೆ. ಪುಟ್ಟಸ್ವಾಮಿ ಕೀಬೋರ್ಡಿನ ಸ್ಟ್ಯಾಂಡ್ ಮಡಚುತ್ತಾ ನನ್ನನ್ನೇ ನೋಡುತ್ತಿದ್ದ. ಪುಣ್ಯಾತ್ಮ, ಬಾಯಿ ಬಿಡಲಿಲ್ಲ.

ಮಾರನೆಯ ದಿನ ಧಾರೆ, ಊಟ ಎಲ್ಲ ಮುಗಿದು ಮಧ್ಯಾಹ್ನ ಹೊರಡುವಾಗ ಬಾಕ್ಸ್ ಹೊರಲು ಯಾರೂ ಸಿಗಲಿಲ್ಲ. ಗಿರಿಜಾ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ಒಂದು ಕಡೆ ಹಿಡಿದಳು. ನನಗೆ ಮನಸ್ಸು ತಡೆಯಲಿಲ್ಲ. "ನಿಮ್ಮಪ್ಪ ಅಂದಿದ್ದು ಕೇಳಿದ್ಯಾ? ಆ ರಂಗಪ್ಪ ಅದು ಹೆಂಗೋ ಪತ್ತೆ ಮಾಡಿ ಪ್ಲಗ್ ಕಿತ್ತ, ಇಲ್ಲದಿದ್ರೆ ನನ್ನ ನಿಜವಾದ ಬೇಸ್ ಕೇಳಿಸ್ತಿದ್ದೆ" ಎಂದೆ.

"ಅವನಿಗೆಲ್ಲಿ ಗೊತ್ತಾಗುತ್ತೆ. ಕಿತ್ತಾಕು ಅಂತ ನಾನೇ ಹೇಳ್ದೆ" ಎಂದಳು. "ಅಪ್ಪಂಗೆ ಮಾತ್ರ ಹೇಳ್ಬೇಡ, ಜನರೇಟರ್ ಸರಿ ಆಯ್ತು ಅನ್ನು ಅಂತಾನೂ ಹೇಳಿ ಕಳ್ಸಿದ್ದೆ."

ನಾನು ಬಾಕ್ಸಿನ ಹಿಡಿ ಬಿಟ್ಟು ನಿಂತೆ. ನೂರಾರು ಜನ ಜನರೇಟರ್ ಎಂದದ್ದನ್ನು, ಒಂದು ಮಹಡಿ ಕೆಳಗೆ ಹಪ್ಪಳ ಬಡಿಸುತ್ತಿದ್ದವಳು ಅದು ನನ್ನ ಬೇಸ್ ಎಂದು ಹೇಗೆ ಗುರುತಿಸಿದಳು? ಕೇಳಿದೆ. ಕೇಳುವಾಗ ನನ್ನ ದನಿ ಸ್ವಲ್ಪ ಗದ್ಗದವಾಗಿಯೇ ಇತ್ತು.

"ಜನರೇಟರ್ ಒಂದೇ ಸಮ ಹೋಗುತ್ತೆ ಕಣ್ರೀ" ಎಂದಳು. "ಇದು ಎರಡನೇ ಚರಣಕ್ಕೆ ಒಂದು ಏಟು ಮುಂಚೆ ಬಂತು. ಆ ಹಾಡಲ್ಲಿ ನೀವು ಯಾವಾಗ್ಲೂ ಅಲ್ಲಿ ಮುಂಚೆ ಬರ್ತೀರ. ಮನೇಲಿ ಬಾರಿಸೋವಾಗ್ಲೂ ಅಷ್ಟೆ, ಹನ್ನೆರಡು ವರ್ಷದಿಂದ ಕೇಳ್ತಾ ಇದೀನಿ."

"ಮತ್ತೆ ಒಂದಿನಾನೂ ಹೇಳ್ಲಿಲ್ವಲ್ಲೇ?"

"ಯಾರಿಗೂ ಕೇಳ್ಸಲ್ಲ ಅಂತ ನೀವೇ ಕೊರಗ್ತಿದ್ರಿ. ಕೇಳ್ಸುತ್ತೆ, ತಪ್ಪು ಅಂತ ಹೆಂಗೆ ಹೇಳ್ಲಿ? ಸುಮ್ನಿದ್ದೆ. ಈಗ ಹಿಡ್ಕೊಳಿ, ಬಿಸಿಲು. ಮೂರು ಅಂದಾಗ ಇಬ್ರೂ ಒಟ್ಟಿಗೆ ಎತ್ತೋಣ. ಒಂದು, ಎರಡು..."

ಅವಳು ಮೂರು ಎನ್ನುವ ಮೊದಲೇ ನಾನು ಎತ್ತಿಬಿಟ್ಟಿದ್ದೆ.