ಮೂರನೇ ಅಧ್ಯಾಯದ ಮುದ್ದೆ

ಕಾದಂಬರಿ ಬರೆಯುವವರಿಗೆ ಮನೆಮಂದಿಯನ್ನು ಸಾಯಿಸುವ ಚಟ ಬೇಗ ಹತ್ತುತ್ತದೆ. ಹುಡುಗನೊಬ್ಬ ದೊಡ್ಡವನಾಗುವ ಕಥೆ ಎಂದರೆ ಅವನಿಗೊಂದು ಭಾರಿ ಪೆಟ್ಟು ಬೀಳಲೇಬೇಕು, ಇಲ್ಲದಿದ್ದರೆ ಇನ್ನೂರು ಪುಟವೂ ಗೋಲಿ ಆಡಿಕೊಂಡೇ ಇದ್ದುಬಿಡುತ್ತಾನೆ. ನನ್ನ ಬಾಲ್ಯವನ್ನು ಎಷ್ಟು ಕೆದಕಿದರೂ ಅಂಥ ಪೆಟ್ಟು ಸಿಗಲಿಲ್ಲ. ಯಲ್ದೂರಿನ ತೋಪಿನಲ್ಲಿ ಮಾವಿನ ಮರದಿಂದ ಬಿದ್ದದ್ದೊಂದಿತ್ತು. ಆದರೆ ಅದರಿಂದ ನಾನು ಬದಲಾದಂತೇನೂ ಕಾಣಲಿಲ್ಲ, ಕೈಗೆ ಕಟ್ಟಿದ ಪಟ್ಟಿ ಬಿಚ್ಚಿದ ಕೂಡಲೇ ಅದೇ ಮರ ಹತ್ತಿದ್ದೆ. ಹಾಗಾಗಿ ನನ್ನ ಮೊದಲ ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ನಾಯಕನ ತಾಯಿಯನ್ನು ಸಾಯಿಸಿದೆ. ಹುಡುಗ ಇದ್ದಕ್ಕಿದ್ದಂತೆ ಗಂಭೀರನಾದ. ನೆಂಟರೆಲ್ಲ ಹೊರಟುಹೋದ ಮೇಲೆ ತಾನೇ ಒಲೆ ಹಚ್ಚಿ, ಅಪ್ಪನಿಗೆ ಮುದ್ದೆ ಮಾಡಿ ಬಡಿಸಿದ. ಬರೆಯುವಾಗ ನನ್ನ ಕಣ್ಣೇ ಒದ್ದೆಯಾಗಿತ್ತು.

ತೊಂದರೆ ಏನೆಂದರೆ, ನನ್ನ ಅಮ್ಮ ಗಟ್ಟಿಮುಟ್ಟಾಗಿ ಶ್ರೀನಿವಾಸಪುರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಸಾಲದ್ದಕ್ಕೆ ಓದುತ್ತಾಳೆ ಕೂಡ. ಒಂದು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಹಸ್ತಪ್ರತಿ ಅವಳ ತೊಡೆಯ ಮೇಲಿತ್ತು.

"ಏಮಿರಾ, ಸಾಯಿಸ್ಬಿಟ್ಯಲ್ಲೋ ನನ್ನ?"

"ಅದು ನೀನಲ್ಲಮ್ಮ, ಪಾತ್ರ."

"ನನ್ನ ಥರಾನೇ ಎಲೆಅಡಿಕೆ ಹಾಕ್ತಾಳೆ, ನನ್ನ ಥರಾನೇ ಬೈತಾಳೆ. ಹೋಗ್ಲಿ ಬಿಡು, ಸತ್ರೆ ಸತ್ಲು. ಆ ಹುಡ್ಗ ಮೊದಲ್ನೇ ಸಲಕ್ಕೇ ಗಂಟಿಲ್ದಂಗೆ ಮುದ್ದೆ ತಿರುವಿದ್ನಾ?"

ನೋವು ಮನುಷ್ಯನನ್ನು ಮಾಗಿಸುತ್ತದೆ ಎಂದು ನಾನು ವಿವರಿಸಲು ಹೋದೆ.

"ಮಾಗೋಕೆ ಅವ್ನೇನು ಮಾವಿನಕಾಯೇನೋ?" ಎಂದವಳು ಹಾಳೆಗಳನ್ನು ಮಂಚದ ಮೇಲಿಟ್ಟಳು. "ನಮ್ಮಮ್ಮ ಹೋದಾಗ ನಾನು ನಾಲ್ಕನೇ ಕ್ಲಾಸು. ನೆಂಟ್ರೆಲ್ಲಾ ಹೋದ್ಮೇಲೆ ನಾನೇ ಮಾಡ್ದೆ ಮುದ್ದೆ. ಬರೀ ಗಂಟು, ಒಳಗೆಲ್ಲಾ ಹಸಿ ಹಿಟ್ಟು. ನಮ್ಮಪ್ಪ ಒಂದು ಮಾತೂ ಆಡ್ದೆ ತಿಂದು ಎದ್ದೋದ. ಅಮ್ಮ ಆಗಿದ್ರೆ ಮುದ್ದೆ ಕೋಲಲ್ಲೇ ಬಾರಿಸಿರೋಳು. ಬೈಯೋರು ಇನ್ನಿಲ್ಲ ಅಂತ ಅವತ್ತು ಗೊತ್ತಾಯ್ತು ಕಣೋ. ಅಲ್ಲೀವರ್ಗೂ ನಾನು ಅತ್ತಿರ್ಲಿಲ್ಲ."

ಅಜ್ಜಿ ಬೇಗ ತೀರಿಹೋದರೆಂಬುದು ನನಗೆ ಗೊತ್ತಿತ್ತು. ಅದರಾಚೆಗೆ ಕೇಳಿರಲಿಲ್ಲ. ಪೆಟ್ಟು ಬೇಕು, ಪೆಟ್ಟು ಬೇಕು ಎಂದು ಊರೆಲ್ಲ ಹುಡುಕಿದವನಿಗೆ ಪಕ್ಕದ ಕೋಣೆಯಲ್ಲಿ ಕೂತವಳು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೂ ಕಾದಂಬರಿಕಾರನ ಬುದ್ಧಿ ಬಿಡಬೇಕಲ್ಲ!

"ಆಮೇಲೆ ನೀನು ಏನು ಬದಲಾದೆಮ್ಮ?" ಎಂದೆ.

"ಬೈಯೋದು ಕಲ್ತೆ. ತಮ್ಮಂದ್ರಿಗೆ ಯಾರಾದ್ರೂ ಬೈಬೇಕಲ್ಲ."

ಅಧ್ಯಾಯ ತಿದ್ದಬೇಕಿತ್ತು. ಅದಕ್ಕೆ ಮೊದಲು ನಾನೇ ಒಮ್ಮೆ ಮಾಡಿನೋಡೋಣವೆಂದು ಭಾನುವಾರ ಅಡುಗೆಮನೆಗೆ ನುಗ್ಗಿದೆ. ಎಸರು ಉಕ್ಕಿ ಒಲೆ ಆರಿತು, ಹಿಟ್ಟು ಕೋಲಿಗೆ ಅಂಟಿಕೊಂಡಿತು, ನನ್ನ ರಟ್ಟೆ ಬಿದ್ದುಹೋಯಿತು. ಕೊನೆಗೆ ಉಂಡೆಯೆಂದು ಕರೆಯಬಹುದಾದ ಒಂದನ್ನು ಅಮ್ಮನ ತಟ್ಟೆಗೆ ಹಾಕಿದೆ. ಅವಳು ಒಂದು ತುಂಡು ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ನುಂಗಿದಳು. ತಲೆ ಎತ್ತಲಿಲ್ಲ, ಮಾತಾಡಲಿಲ್ಲ. ನಿವೃತ್ತಿಗೆ ಹತ್ತಿರವಾದ ಈ ವಯಸ್ಸಿನಲ್ಲಿ ನನ್ನ ಎದೆ ಧಸಕ್ಕೆಂದಿತು.

"ಏನಾದ್ರೂ ಅನ್ನಮ್ಮ," ಎಂದೆ. ಅವಳು ಮತ್ತೊಂದು ತುತ್ತು ಮುರಿದಳು.

"ಬೈಯಮ್ಮ," ಎಂದು ಅಂಗಲಾಚಿದೆ.

"ಕತ್ತೆ ವಯಸ್ಸಾಯ್ತು, ಒಂದು ಮುದ್ದೆ ತಿರುವೋಕೆ ಬರಲ್ಲ, ಕಾದಂಬ್ರಿ ಬರೀತಾನಂತೆ!"

ನಾನು ನೆಮ್ಮದಿಯಿಂದ ನನ್ನ ತಟ್ಟೆ ಎಳೆದುಕೊಂಡು ಕೂತೆ. ಮುದ್ದೆ ಮಾತ್ರ ನಿಜಕ್ಕೂ ಗಂಟಲಲ್ಲಿ ಇಳಿಯುವಂತಿರಲಿಲ್ಲ.