ಹೆಲ್ಮೆಟ್ ಹಾಕಿದ ಕಬಡ್ಡಿ ರೆಫ್ರಿ

ಬೈಲಹೊಂಗಲದಿಂದ ರಾಮದುರ್ಗದವರೆಗೆ ಹುಡುಕಿದರೂ ನನ್ನ ಸೋದರಮಾವನಷ್ಟು ಅಂಜುಬುರುಕ ಕಬಡ್ಡಿ ರೆಫ್ರಿ ನಿಮಗೆ ಸಿಗಲಾರ. ಅಂಕಣಕ್ಕೆ ಇಳಿಯುವಾಗಲೂ ಅವನ ತಲೆಯ ಮೇಲೆ ಬೈಕಿನ ಹೆಲ್ಮೆಟ್ ಇರುತ್ತದೆ. ಸೀಟಿ ಊದಲು ಅದರ ಗಾಜು ಮೇಲೆತ್ತುತ್ತಾನೆ, ಊದಿದೊಡನೆ ಇಳಿಸಿಕೊಳ್ಳುತ್ತಾನೆ. ಬೈಕನ್ನು ಊರ ಹೊರಗಿನ ದಾರಿಗೆ ಮುಖ ಮಾಡಿಯೇ ನಿಲ್ಲಿಸಿರುತ್ತಾನೆ. ಇಷ್ಟು ಅಂಜುವವನು ತೀರ್ಪನ್ನಾದರೂ ಸ್ವಲ್ಪ ಸಡಿಲಿಸಬಾರದೆ? ಅದು ಮಾತ್ರ ಇಲ್ಲ.

ಒಮ್ಮೆ ಮುರಗೋಡದಲ್ಲಿ, ಆ ಊರಿನವರ ನೆಚ್ಚಿನ ಆಟಗಾರನ ಹಿಮ್ಮಡಿ ಹೊರಗೆರೆ ದಾಟಿತು. ಮಾವ ನಡುಗುತ್ತಲೇ ಔಟ್ ಕೊಟ್ಟ. ಜನ ಎದ್ದು ಬಂದು ಸುತ್ತುವರಿದರು.

"ರೆಫ್ರಿ ಸಾಹೇಬ್ರ, ಸರಿಯಾಗಿ ನೋಡೀರೇನು?"

"ನೋಡೇನ್ರಿ. ಅದಕ್ಕ ಅಂಜಾಕ ಹತ್ತೇನಿ."

ಬಂದವರು ನಕ್ಕುಬಿಟ್ಟರು. ಮಾವ ಬದುಕಿಕೊಂಡ.

"ಇಷ್ಟ ಅಂಜಿಕಿ ಇದ್ರ ಮನ್ಯಾಗ ಕುಂದ್ರಬಾರದೇನ್ರಿ?" ಎಂದು ಅತ್ತೆ ಕೇಳಿದರೆ, "ಮನ್ಯಾಗ ನೀ ಇರತೀಯಲ್ಲ" ಎನ್ನುತ್ತಾನೆ.

ಕಳೆದ ವರ್ಷ ಮುನವಳ್ಳಿಯ ಫೈನಲ್ಲಿಗೆ ನಾನೂ ಹೋಗಿದ್ದೆ. ಎದುರಾಳಿಗಳ ಅಂಕಣಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಇರಬೇಕು. ದನಿ ನಿಂತರೆ ಔಟ್. ಅಂದು ಹಾಗೆ ನುಗ್ಗಿದ ತರುಣನೊಬ್ಬನನ್ನು ಎದುರಾಳಿಗಳು ಕೆಡವಿ, ಒಬ್ಬರ ಮೇಲೊಬ್ಬರು ಬಿದ್ದರು. ದನಿ ನಿಂತಿತು. ಗೆದ್ದೆವೆಂದು ಅವರ ಕಡೆಯವರು ಕುಣಿಯತೊಡಗಿದರು. ಮಾವ ಔಟ್ ಕೊಡಲಿಲ್ಲ. ಓಡಿಹೋಗಿ, ಮೇಲೆ ಬಿದ್ದವರನ್ನು ಬನಿಯನ್ ಹಿಡಿದು ಎಳೆಯತೊಡಗಿದ.

"ಏಳ್ರಲೇ, ಹುಡುಗ ಉಸರಾಡವಲ್ಲ."

ತರುಣನ ತುಟಿ ನೀಲಿಯಾಗಿತ್ತು. ಮೈದಾನದ ಗದ್ದಲವೆಲ್ಲ ಅಡಗಿತು. ಮಾವ ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ತುಂಬಿದ್ದ ಮಣ್ಣನ್ನು ಬೆರಳಿನಿಂದ ತೆಗೆದ. ಬಹಳ ಹೊತ್ತೆನಿಸಿದ ಮೇಲೆ ಒಂದು ಕೆಮ್ಮು ಬಂತು.

ಆ ತರುಣ ಈಗ ಚೆನ್ನಾಗಿದ್ದಾನೆ, ಮತ್ತೆ ಆಡುತ್ತಿದ್ದಾನೆ. ಆದರೆ ಅಂದು ಸವದತ್ತಿಯ ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ನಮಗೆ ಅದು ಗೊತ್ತಿರಲಿಲ್ಲ. ಅವನ ತಲೆ ಮಾವನ ತೊಡೆಯ ಮೇಲಿತ್ತು. ಅವನ ಕಣ್ಣು ಮುಚ್ಚಿಕೊಂಡಾಗಲೆಲ್ಲ ಮಾವನ ಮುಖ ಬಿಳಿಚಿಕೊಳ್ಳುತ್ತಿತ್ತು.

"ಮಲಗಬ್ಯಾಡೋ ತಮ್ಮಾ. ಕಬಡ್ಡಿ ಅನ್ನು."

ತರುಣ ಒಂದೆರಡು ಸಲ ಅಂದ. ಎದೆನೋವಿಗೆ ಮುಖ ಕಿವಿಚಿ ನಿಲ್ಲಿಸಿದ. ಮಾವ ಬಾಗಿ ಅವನ ಹಣೆಯ ಮಣ್ಣು ಒರೆಸಿದ.

"ನಡುನಡುವ ಉಸರ ತಗೊಂಡ ಅನ್ನು. ಎಷ್ಟ ಬೇಕಾದ್ರೂ ತಗೋ. ನಾ ಔಟ್ ಕೊಡೂದಿಲ್ಲ."