ಫ್ರಾನ್ಸಿನಲ್ಲಿ ‘ಆತೇನು?’

ಸಿನಿಮಾ ನೋಡಿ ಕಲಿತದ್ದು ಬದುಕಿಗೆ ಬರುವುದಿಲ್ಲ ಎಂದು ಭಾಷಣ ಬಿಗಿಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಮಗಳು ಪಲ್ಲವಿಗೆ ಫ್ರಾನ್ಸಿನಲ್ಲಿ ಕೆಲಸ ಸಿಕ್ಕಾಗ, ಆ ದೇಶ ಹೇಗಿದೆಯೋ ಎಂಬ ಚಿಂತೆಗೆ ನಾನೂ ನನ್ನ ಹೆಂಡತಿ ಸುನಂದಾಳೂ ನಾಸಿಕದ ಮನೆಯಲ್ಲಿ ಕೂತು ಫ್ರೆಂಚ್ ಪ್ರೇಮಕಥೆಗಳ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದೆವು. ನಾನು ಓಝರ್ ಬಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಪ್ರೇಮ ಏನಾಯಿತೆಂದು ನೋಡುವ ಮೊದಲು ನನ್ನ ಕಣ್ಣು ಹಾಜರಿ ನೋಡುತ್ತದೆ. ನಾಯಕಿ ಆಫೀಸಿಗೆ ಬರುವುದೇ ತಡ, ಮರುಗಳಿಗೆಗೆ ನದಿಯ ದಂಡೆಯಲ್ಲಿರುತ್ತಾಳೆ. ಅವಳಿಗೆ ನೌಕರಿ ಇದೆ ಎಂಬುದಕ್ಕೆ ಹೆಗಲಿನ ಚೀಲವೊಂದೇ ಸಾಕ್ಷಿ. “ಇಕಿಗೆ ಪಗಾರ ಯಾರು ಕೊಡ್ತಾರ?” ಎಂದರೆ ಸುನಂದಾ, “ಸುಮ್ನ ನೋಡ್ರಿ, ಅಕಿ ಅಳಾಕತ್ತಾಳ” ಎಂದು ಗದರುತ್ತಿದ್ದಳು.

ಪಲ್ಲವಿ ಹೋದದ್ದು ಲಿಯಾನ್ ಊರಿನ ಹೊರಗಿನ ಯಂತ್ರಭಾಗಗಳ ಕಂಪನಿಗೆ. ಅಲ್ಲಿ ನದಿಯೂ ಇಲ್ಲ, ಸೇತುವೆಯೂ ಇಲ್ಲ. “ಪಪ್ಪಾ, ನಮ್ಮ ನಾಸಿಕದ ಸಾತ್ಪುರ ಎಂಐಡಿಸಿ ಇದ್ದಂಗ ಐತಿ. ಎಲ್ಲಿ ನೋಡಿದ್ರೂ ಕಾರ್ಖಾನಿ ಶೆಡ್ಡು. ಥಂಡಿ ಅಷ್ಟ ಜ್ಯಾದಾ” ಎಂದಳು. ಕೆಲವು ವಾರ ಕಳೆದು ಫೋನಿನಲ್ಲಿ ಅತ್ತೇಬಿಟ್ಟಳು. ಯಾರೂ ಮಾತಾಡಿಸುವುದಿಲ್ಲ, ಏನಾದರೂ ಕೇಳಿದರೆ ಮುಖ ಗಂಟು ಹಾಕುತ್ತಾರೆ. ಹೀಗೇ ಆದರೆ ಪ್ರೊಬೇಷನ್ ಮುಗಿಯುವ ಮೊದಲೇ ವಾಪಸ್ ಕಳಿಸುತ್ತಾರೆ ಎಂದಳು.

“ಮುಂಜಾನೆ ಹೋದ ಕೂಡ್ಲೆ ಅವರಿಗೆ ಏನಂತಿ?” ಎಂದು ಕೇಳಿದೆ.

“ಏನಂತೀನಿ? ‘ರಿಪೋರ್ಟ್ ಆತೇನು?’ ಅಂತ ಫ್ರೆಂಚ್‌ನ್ಯಾಗ ಕೇಳ್ತೀನಿ.”

ನಮ್ಮ ಧಾರವಾಡದ ಮನೆತನದಲ್ಲಿ ‘ಆತೇನು?’ ಎಂಬುದು ಪ್ರಶ್ನೆಯೇ ಅಲ್ಲ. ಚಾ ಆತೇನು, ಜಳಕ ಆತೇನು, ಊಟ ಆತೇನು. ನಮ್ಮ ಪ್ರೀತಿಯೆಲ್ಲ ಅದರಲ್ಲೇ ಅಡಗಿದೆ. ಅದನ್ನೇ ಮರಾಠಿಗೆ ತಿರುಗಿಸಿ ‘ಝಾಲಾ ಕಾ?’ ಎನ್ನುತ್ತ ನಾನು ಕಾರ್ಖಾನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡಿದ್ದೇನೆ. ಮಗಳು ಫ್ರೆಂಚಿಗೆ ತಿರುಗಿಸಿದಾಗ ಪ್ರೀತಿ ದಾರಿಯಲ್ಲೇ ಉದುರಿ ತಗಾದೆ ಮಾತ್ರ ಲಿಯಾನ್ ಮುಟ್ಟಿತ್ತು.

ಸುನಂದಾ ನನ್ನ ಕೈಯಿಂದ ಫೋನು ಕಸಿದುಕೊಂಡಳು. “ಹುಚ್ಚಿ, ಸಿನಿಮಾದಾಗ ಆ ಹುಡುಗಿ ಬ್ರೆಡ್ ಅಂಗಡಿಗೆ ಹೋದ್ರೂ ಮೊದಲ ‘ಬೊಂಜೂರ್’ ಅಂತ ನಮಸ್ಕಾರ ಹೇಳ್ತಾಳ, ಆಮ್ಯಾಲೆ ಬ್ರೆಡ್ ಕೇಳ್ತಾಳ. ನೀ ಒಂದ್ ದಿನರ ಅಂದಿಯೇನು?”

ಪಲ್ಲವಿ ಒಂದು ದಿನವೂ ಅಂದಿರಲಿಲ್ಲ.

ಮುಂದಿನ ವಾರ ಬಂದ ಫೋನಿನಲ್ಲಿ ಬೇರೆಯೇ ಪಲ್ಲವಿ ಇದ್ದಳು. ಎಲ್ಲರಿಗೂ ಒಬ್ಬೊಬ್ಬರಿಗೇ ‘ಬೊಂಜೂರ್’ ಎಂದಳಂತೆ. ಮುಖ ಗಂಟು ಹಾಕುತ್ತಿದ್ದ ಹೆಂಗಸೇ ಊಟಕ್ಕೆ ಕರೆದಳಂತೆ. “ಊಟ ಒಂದು ತಾಸು ಮಾಡ್ತಾರ, ಪಪ್ಪಾ! ಸಿನಿಮಾದಾಗಿಂದು ಬೊಂಜೂರ್, ಊಟ ಇವೆರಡ ಖರೆ!” ಅವಳು ನಕ್ಕದ್ದು ಕೇಳಿ ನನಗೆ ಜೀವ ಬಂದಂತಾಯಿತು.

ಆ ಉತ್ಸಾಹದಲ್ಲಿ ಮರುದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಕೈಮುಗಿದು ‘ನಮಸ್ಕಾರ’ ಎನ್ನುತ್ತ ಹೋದೆ. ನನಗೆ ವರ್ಗವಾಗಿ ವಿದಾಯ ಹೇಳುತ್ತಿದ್ದೇನೆ ಎಂದೇ ತಿಳಿದ ಫಿಟ್ಟರ್ ಒಬ್ಬ, “ಸಾಹೇಬ್, ಬದಲೀ ಝಾಲೀ ಕಾ?” ಎಂದು ಗಾಬರಿಯಾದ. ಆದರೂ ಸೋಲದೆ ಸಂಜೆ ಮನೆಯ ಬಾಗಿಲಲ್ಲೇ ನಿಂತು, ಹೆಂಡತಿಗೆ ಗಟ್ಟಿಯಾಗಿ “ಬೊಂಜೂರ್!” ಎಂದೆ.

“ಬೊಂಜೂರ್ ರೀ” ಎಂದಳು ಸುನಂದಾ ನಗುತ್ತ. “ಗ್ಯಾಸ್ ಬುಕ್ ಮಾಡೂದು ಆತೇನು?”

ಆಗಿರಲಿಲ್ಲ.